ಕಾಫಿ ಒಣಗಿಸುವ ಕಣದಿಂದ ಕೋಮಾ ಗೆಲಾಕ್ಸಿ ಗುಚ್ಛವನ್ನು ನೋಡುವುದು, ಚಿತ್ರ ತೆಗೆಯುವುದು: ಒಂದು ಸಮಗ್ರ ಮಾರ್ಗದರ್ಶಿ

ನೀಹಾರಿಕೆಯ ಚಿತ್ರ ತೆಗೆದವರಿಗೆ ಮೆಚ್ಚುಗೆ ಬೇಗ ಸಿಗುತ್ತದೆ. ಗೆಲಾಕ್ಸಿ ಗುಚ್ಛದ ಚಿತ್ರವನ್ನು ಮನೆಯವರಿಗೆ ತೋರಿಸಿದರೆ, ‘ಲೆನ್ಸಿನ ಮೇಲೆ ಧೂಳು ಕೂತಿದೆಯಲ್ಲ, ಒರೆಸಬಾರದೇ’ ಎಂಬ ಮಾತು ಕೇಳಬೇಕಾಗುತ್ತದೆ. ಆ ಧೂಳಿನ ಒಂದೊಂದು ಕಣವೂ ಕೋಟ್ಯಂತರ ನಕ್ಷತ್ರಗಳ ಗೆಲಾಕ್ಸಿ ಎಂದು ವಿವರಿಸಿದ ಮೇಲೂ ನೋಡಿದವರ ಮುಖದಲ್ಲಿ ಅನುಮಾನ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಕೈ ಹಾಕುವ ಮೊದಲೇ ಅಳತೆಗೋಲನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಚಿತ್ರ ಎಷ್ಟು ಅಂದವಾಗಿದೆ ಎಂಬುದನ್ನು ಬದಿಗಿಟ್ಟು, ಅದರಲ್ಲಿ ‘ಇದು ಗೆಲಾಕ್ಸಿಯೇ’ ಎಂದು ನೀವು ಎದೆ ತಟ್ಟಿ ಹೇಳಬಲ್ಲ ಚುಕ್ಕೆಗಳು ಎಷ್ಟಿವೆ ಎಂದು ಎಣಿಸಿ. ಮುಂದೆ ಬರೆದಿರುವ ಎಲ್ಲ ಹೆಜ್ಜೆಗಳೂ ಆ ಎಣಿಕೆಯನ್ನು ಹೆಚ್ಚಿಸುವುದಕ್ಕಾಗಿಯೇ ಇವೆ.

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿರುವವರಿಗೆ ನಾನು ಸೂಚಿಸುವ ಗುರಿ ಕೋಮಾ ಗುಚ್ಛ. ಚಿಕ್ಕಮಗಳೂರಿನ ಅಕ್ಷಾಂಶ ಉತ್ತರಕ್ಕೆ 13.3 ಡಿಗ್ರಿ, ಕೋಮಾದ ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ಉತ್ತರಕ್ಕೆ 28 ಡಿಗ್ರಿ. ಹೀಗಾಗಿ ಅದು ನಮ್ಮ ನೆತ್ತಿಯಿಂದ ಹದಿನೈದು ಡಿಗ್ರಿಯಷ್ಟೇ ಉತ್ತರಕ್ಕೆ ಸರಿದು, 75 ಡಿಗ್ರಿ ಎತ್ತರದಲ್ಲಿ ದಾಟಿ ಹೋಗುತ್ತದೆ. ಸುತ್ತ ಸಿಲ್ವರ್ ಓಕ್ ಮರಗಳಿದ್ದರೂ, ಆಚೆ ಊರಿನ ದೀಪದ ಮಬ್ಬು ಇದ್ದರೂ, ನೆತ್ತಿಯ ಆಕಾಶವನ್ನು ಯಾರೂ ಸುಲಭವಾಗಿ ಕಿತ್ತುಕೊಳ್ಳಲಾರರು.

ಹೆಜ್ಜೆ 1: ಗುರಿಯನ್ನು ಕಾಗದದ ಮೇಲೆ ತಿಳಿದುಕೊಳ್ಳಿ

ಕೋಮಾ ಗುಚ್ಛ ನಮ್ಮಿಂದ ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಅದರಲ್ಲಿ ಗುರುತಿಸಲಾಗಿದೆ. ಈ ಭಾಗದಲ್ಲಿ ಮಬ್ಬುಚುಕ್ಕೆಗಳು ಗುಂಪುಗೂಡಿರುವುದನ್ನು ವಿಲಿಯಂ ಹರ್ಷಲ್ 1785ರಲ್ಲೇ ಗಮನಿಸಿದ್ದರು. 1933ರಲ್ಲಿ ಫ್ರಿಟ್ಸ್ ಜ್ವಿಕಿ ಇಲ್ಲಿನ ಗೆಲಾಕ್ಸಿಗಳ ವೇಗವನ್ನು ಲೆಕ್ಕ ಹಾಕಿ, ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವವೊಂದೇ ಇವುಗಳನ್ನು ಹಿಡಿದಿಡಲು ಸಾಲದೆಂದು ಕಂಡುಕೊಂಡರು. ಕಪ್ಪು ದ್ರವ್ಯದ ಮಾತು ಗಂಭೀರವಾಗಿ ಶುರುವಾದದ್ದು ಇಲ್ಲಿಂದ. ಜಾರ್ಜ್ ಏಬೆಲ್ 1958ರಲ್ಲಿ ಪ್ರಕಟಿಸಿದ 2712 ಗುಚ್ಛಗಳ ಪಟ್ಟಿಯಲ್ಲಿ ಇದರ ಸಂಖ್ಯೆ 1656. ಆದ್ದರಿಂದ ತಂತ್ರಾಂಶಗಳಲ್ಲಿ ಇದನ್ನು ‘ಏಬೆಲ್ 1656’ ಎಂದೇ ಹುಡುಕಬೇಕು.

ಇಷ್ಟು ದೂರ ಎಂಬುದು ಬರೀ ಸೊನ್ನೆಗಳ ಸಾಲಾಗಿ ಉಳಿಯಬಾರದು ಎಂದಾದರೆ ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಿ. ಆ ದೂರದಲ್ಲಿ ಒಂದು ಕೋನನಿಮಿಷ (ಡಿಗ್ರಿಯ ಅರವತ್ತನೆಯ ಒಂದು ಭಾಗ) ಎಂದರೆ ಸುಮಾರು 93,000 ಜ್ಯೋತಿರ್ವರ್ಷ. ಚಂದ್ರಬಿಂಬದ ಅಗಲ ಸುಮಾರು ಮೂವತ್ತು ಕೋನನಿಮಿಷ. ಅಂದರೆ ನಮ್ಮ ಹಾಲುಹಾದಿಯನ್ನು ಇಡಿಯಾಗಿ ಕೊಂಡೊಯ್ದು ಅಲ್ಲಿಟ್ಟರೆ ಅದು ಚಂದ್ರನ ಮೂವತ್ತನೆಯ ಒಂದು ಭಾಗದಷ್ಟು ಅಗಲಕ್ಕೆ ಕಾಣುತ್ತದೆ. ಒಂದು ಪಿಕ್ಸೆಲ್‌ಗೆ ಒಂದು ಕೋನಸೆಕೆಂಡು (ಕೋನನಿಮಿಷದ ಅರವತ್ತನೆಯ ಒಂದು ಭಾಗ) ಬರುವಂತಹ ವ್ಯವಸ್ಥೆಯಲ್ಲಿ ಅದು ಅರವತ್ತು ಪಿಕ್ಸೆಲ್. ದೂರದರ್ಶಕ, ಕ್ಯಾಮೆರಾ, ಎಕ್ಸ್‌ಪೋಷರ್ ಕುರಿತು ನೀವು ಮುಂದೆ ಮಾಡುವ ನಿರ್ಧಾರಗಳಿಗೆಲ್ಲ ಈ ಅರವತ್ತು ಪಿಕ್ಸೆಲ್ಲೇ ಆಧಾರ.

ಗುಚ್ಛದ ನಡುವೆ ಎರಡು ದೈತ್ಯ ಗೆಲಾಕ್ಸಿಗಳಿವೆ (ಎನ್‌ಜಿಸಿ ಎಂಬುದು ಗೆಲಾಕ್ಸಿ, ನೀಹಾರಿಕೆಗಳ ಒಂದು ಪಟ್ಟಿ): ಎನ್‌ಜಿಸಿ 4889 ಮತ್ತು ಎನ್‌ಜಿಸಿ 4874. ಎರಡರ ನಡುವಣ ಅಂತರ ಸುಮಾರು 7 ಕೋನನಿಮಿಷ. ಪೂರ್ವದ 4889 ಸ್ವಲ್ಪ ಉದ್ದುದ್ದ, ಹೆಚ್ಚು ಪ್ರಕಾಶ. ಪಶ್ಚಿಮದ 4874 ದುಂಡು, ಅಂಚು ಇನ್ನಷ್ಟು ಮಸುಕು. 4874ರ ಉತ್ತರಕ್ಕೆ ಸನಿಹದಲ್ಲೇ ನಮ್ಮದೇ ಗೆಲಾಕ್ಸಿಗೆ ಸೇರಿದ 7ನೇ ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ಬೆಳಕು ಮಂದ) ಒಂದು ನಕ್ಷತ್ರವಿದೆ, ಹೆಸರು ಎಚ್‌ಡಿ 112887. ಹುಡುಕುವಾಗ ಇದು ಉಪಕಾರಿ, ನೋಡುವಾಗ ಉಪದ್ರವಿ. ಪೂರ್ವಕ್ಕೆ ಸುಮಾರು 18 ಕೋನನಿಮಿಷ ಸರಿದರೆ ಎನ್‌ಜಿಸಿ 4921 ಎಂಬ ಸುರುಳಿ ಗೆಲಾಕ್ಸಿ. ನೈಋತ್ಯಕ್ಕೆ ಮುಕ್ಕಾಲು ಡಿಗ್ರಿಗೆ ತುಸು ಕಡಿಮೆ ಅಂತರದಲ್ಲಿ ಎನ್‌ಜಿಸಿ 4839 ಮತ್ತು ಅದರ ಸಂಗಡಿಗರು. ಈ ಐದು ಹೆಸರುಗಳನ್ನು ಒಂದು ಹಾಳೆಯ ಮೇಲೆ ದಿಕ್ಕಿನ ಸಮೇತ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಫೋನಿನ ಬೆಳಕಿನಲ್ಲಿ ನಕ್ಷೆ ತೆರೆದರೆ, ಅರ್ಧ ಗಂಟೆಯಿಂದ ಕತ್ತಲೆಗೆ ಪಳಗಿದ ಕಣ್ಣು ಕ್ಷಣದಲ್ಲಿ ಹಾಳಾಗುತ್ತದೆ.

ಹೆಜ್ಜೆ 2: ರಾತ್ರಿಯನ್ನು ಆರಿಸಿ

ಕೋಮಾ ಗುಚ್ಛ ಫೆಬ್ರವರಿ ಕೊನೆಯಲ್ಲಿ ಬೆಳಗಿನ ಜಾವ 3ರ ಹೊತ್ತಿಗೆ, ಏಪ್ರಿಲ್ ಮೊದಲ ವಾರದಲ್ಲಿ ರಾತ್ರಿ 12:30ಕ್ಕೆ, ಮೇ ಮೊದಲ ವಾರದಲ್ಲಿ 10:30ಕ್ಕೆ ಅತಿ ಎತ್ತರಕ್ಕೆ ಬರುತ್ತದೆ. ಅದರ ಹಿಂದೆ ಮುಂದೆ ಮೂರೂವರೆ ಗಂಟೆಯಂತೆ, ಒಟ್ಟು ಏಳು ಗಂಟೆ ಕಾಲ ಅದು 40 ಡಿಗ್ರಿಗಿಂತ ಮೇಲಿರುತ್ತದೆ. ಚಂದ್ರನಿಲ್ಲದ ರಾತ್ರಿ ಬೇಕೇ ಬೇಕು. ಅದಕ್ಕೆ ಆ್ಯಪ್ ಹುಡುಕುವ ಅಗತ್ಯವೂ ಇಲ್ಲ: ಶಿವರಾತ್ರಿ ಕೃಷ್ಣಪಕ್ಷದ ಚತುರ್ದಶಿ, ಯುಗಾದಿಯ ಹಿಂದಿನದು ಅಮಾವಾಸ್ಯೆ. ಇವೆರಡೂ ಕೋಮಾದ ಕಾಲಕ್ಕೇ ಬೀಳುತ್ತವೆ. ಶಿವರಾತ್ರಿಯಂದು ಹೇಗೂ ಮನೆಮಂದಿಯೆಲ್ಲ ಜಾಗರಣೆ ಇರುವುದರಿಂದ, ರಾತ್ರಿಯಿಡೀ ಹೊರಗಿದ್ದೆ ಎಂಬ ಆಕ್ಷೇಪಣೆಯೂ ಬರುವುದಿಲ್ಲ. ದೇವಸ್ಥಾನದ ದೀಪಾಲಂಕಾರದಿಂದ ನಾಲ್ಕಾರು ಕಿಲೋಮೀಟರ್ ದೂರವಿದ್ದರೆ ಸಾಕು.

ಹವಾಮಾನದ ವಿಷಯದಲ್ಲಿ ನನ್ನ ಆಯ್ಕೆ ಫೆಬ್ರವರಿ ಎರಡನೆಯ ವಾರದಿಂದ ಮಾರ್ಚ್ ಮಧ್ಯದವರೆಗೆ. ಆಮೇಲೆ ಗುಡ್ಡಗಳ ಒಣಹುಲ್ಲಿಗೆ ಬೆಂಕಿ ಬಿದ್ದು ಹೊಗೆ ಹರಡುವುದುಂಟು, ಕಾಫಿಯ ಹೂಮಳೆಗಾಗಿ ಮೋಡ ಕಟ್ಟುವುದೂ ಉಂಟು. ಆದರೆ ಏಪ್ರಿಲ್ ತಿಂಗಳನ್ನು ಪೂರ್ತಿ ತಳ್ಳಿಹಾಕಬೇಡಿ. ಸಂಜೆ ಗುಡುಗು ಮಳೆ ಬಿದ್ದು, ರಾತ್ರಿ ಹನ್ನೊಂದರ ಸುಮಾರಿಗೆ ಮೋಡ ಸರಿದರೆ, ಧೂಳು ಹೊಗೆಯೆಲ್ಲ ತೊಳೆದುಹೋದ ಆಕಾಶ ತೆರೆದುಕೊಳ್ಳುತ್ತದೆ. ಅಂತಹ ಎರಡು ಗಂಟೆ ಮಬ್ಬು ರಾತ್ರಿಯ ಐದು ಗಂಟೆಗೆ ಸಮ.

ಹೆಜ್ಜೆ 3: ನಿಲ್ಲುವ ಜಾಗ

ಮುಳ್ಳಯ್ಯನಗಿರಿ 1900 ಮೀಟರ್ ದಾಟಿದ ಶಿಖರವಾದ್ದರಿಂದ ಎಲ್ಲರ ಮನಸ್ಸೂ ಮೊದಲು ಅಲ್ಲಿಗೇ ಓಡುತ್ತದೆ. ಆದರೆ ಗಿರಿಯ ಮೇಲೆ ರಾತ್ರಿ ಕಳೆಯುವುದು ಅನುಮತಿಯ ವಿಷಯ; ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಗಾಳಿ ದೂರದರ್ಶಕವನ್ನು ನಡುಗಿಸದೆ ಬಿಡುವುದಿಲ್ಲ. ಗಾಳಿ ತಾಗದ, ವಾಹನ ಒಳಗೆ ಬರುವ, ಮಾಲೀಕರು ಒಪ್ಪಿದ ಜಾಗ ನಮಗೆ ಬೇಕು. ಅಂಥದ್ದು ಕಾಫಿ ತೋಟದ ಕಣ. ಜನವರಿ ಕಳೆದು ಕಾಫಿ ಒಣಗಿಸುವ ಕೆಲಸ ಇಳಿಮುಖವಾದಂತೆ ಕಣ ಖಾಲಿಯಾಗುತ್ತದೆ, ನೆಲ ಸಮತಟ್ಟು, ಸುತ್ತ ಮರಗಳ ಗೋಡೆ ಇದ್ದರೂ ನೆತ್ತಿ ಪೂರ್ತಿ ತೆರೆದಿರುತ್ತದೆ. ತೋಟದ ಸಾಹುಕಾರರಿಗೂ ರೈಟರಿಗೂ (ತೋಟದ ಗುಮಾಸ್ತರು) ಮೊದಲೇ ಹೇಳಿ, ಕಾರ್ಮಿಕರ ಲೈನ್ ಮನೆಗಳ ಕಡೆಗೆ ತಿರುಗಿರುವ ಫೋಕಸ್ ದೀಪವನ್ನು ಆ ಒಂದು ರಾತ್ರಿ ಆರಿಸಲು ಒಪ್ಪಿಸಿಕೊಳ್ಳಿ.

ಕಣದಲ್ಲಿ ಎರಡು ತೊಂದರೆಗಳಿವೆ. ಒಂದು, ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು ರಾತ್ರಿ ಹತ್ತು ಹನ್ನೊಂದರವರೆಗೂ ಬಿಸಿಯುಸಿರು ಬಿಡುತ್ತಲೇ ಇರುತ್ತದೆ. ನಕ್ಷತ್ರಗಳು ನೀರಿನೊಳಗಿನ ಹರಳುಗಳಂತೆ ಅಲುಗುತ್ತವೆ. ಕಣದ ಅಂಚಿಗೆ, ಮಣ್ಣಿನ ನೆಲಕ್ಕೆ ಹೊಂದಿಕೊಂಡಂತೆ ನಿಂತರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ಎರಡು, ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಆ ರಾತ್ರಿ ಯಾವ ಬ್ಲಾಕಿಗೆ ನೀರು ಎಂದು ರೈಟರನ್ನು ಕೇಳದೆ ಸಾಮಾನು ಇಳಿಸಬೇಡಿ. ನಾನೊಮ್ಮೆ ಕೇಳದೆ ಇಳಿಸಿದ್ದೆ; ಒಂದೂವರೆ ಗಂಟೆಗೆ ಪಕ್ಕದ ಬ್ಲಾಕಿನಲ್ಲಿ ಡೀಸೆಲ್ ಪಂಪು ಶುರುವಾಗಿ, ಹತ್ತೇ ನಿಮಿಷದಲ್ಲಿ ಗೈಡ್ ದೂರದರ್ಶಕದ (ಮುಖ್ಯ ದೂರದರ್ಶಕ ಗುರಿಯಿಂದ ಜಾರದಂತೆ ಕಾಯುವ ಪುಟ್ಟ ದೂರದರ್ಶಕ) ಗಾಜು ಹಾಲು ಬಳಿದಂತಾಯಿತು.

ಸಕಲೇಶಪುರ, ಆಲೂರು, ಮೂಡಿಗೆರೆ, ಬೇಲೂರು ಕಡೆಯ ತೋಟಗಳಲ್ಲಿ ಆನೆಗಳ ಓಡಾಟವಿದೆ. ಅಂದಿನ ಆನೆ ಸುದ್ದಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದೇ ಬರುತ್ತದೆ. ಹತ್ತಿರದಲ್ಲಿವೆ ಎಂದಾದರೆ ಕೋಮಾ ಇನ್ನೊಂದು ಅಮಾವಾಸ್ಯೆಗೂ ಅಲ್ಲೇ ಇರುತ್ತದೆ. ಕೆಂಪು ಟಾರ್ಚ್ ಮಾತ್ರ ಬಳಸಬೇಕೆಂಬ ಖಗೋಳ ಹವ್ಯಾಸಿಗಳ ಶಿಸ್ತನ್ನು ಇಂತಹ ಕಡೆ ಪಾಲಿಸಬೇಡಿ, ಜೋರಾದ ಬಿಳಿ ಟಾರ್ಚ್ ಕೈಗೆಟುಕುವಂತಿರಲಿ. ಇದೆಲ್ಲದರ ಗೊಡವೆ ಬೇಡ ಎನ್ನುವವರಿಗೆ ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆ ಇದೆ. ಅಲ್ಲಿ ಗಾಳಿಯಲ್ಲಿ ತೇವ ಕಡಿಮೆ, ಇಬ್ಬನಿ ತಡವಾಗಿ ಬೀಳುತ್ತದೆ.

ಹೆಜ್ಜೆ 4: ಮೊದಲು ಕಣ್ಣಿನಿಂದ ನೋಡಿ

ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಸ್ವಾತಿ ಮಳೆಯ ಲೆಕ್ಕ ಬಲ್ಲ ನಮ್ಮ ಕಡೆಯ ರೈತರಲ್ಲಿ ಆ ನಕ್ಷತ್ರವನ್ನೇ ತೋರಿಸಬಲ್ಲವರು ಈಗ ಕಡಿಮೆ. ತೋರಿಸಿದರೆ ಮಾತ್ರ ಬಹಳ ಸಂತೋಷಪಡುತ್ತಾರೆ. ಇನ್ನೊಂದು ಕಡೆ ಸಿಂಹರಾಶಿಯ ಬಾಲದ ತುದಿಯಲ್ಲಿ ಉತ್ತರೆ ಇದೆ. ಉತ್ತರೆಗೂ, ಸಪ್ತರ್ಷಿಯ ಬಾಲದ ಕೆಳಗೆ ಒಂಟಿಯಾಗಿ ಹೊಳೆಯುವ ಕೋರ್ ಕರೋಲಿ ಎಂಬ ನಕ್ಷತ್ರಕ್ಕೂ ನಡುವೆ ದಿಟ್ಟಿಸಿದರೆ ಮಂದ ನಕ್ಷತ್ರಗಳ ಒಂದು ಚದುರಿದ ಗುಂಪು ಕಾಣುತ್ತದೆ. ಅದೇ ಕೋಮಾ ಬೆರೆನಿಸಸ್. ಕನ್ನಡದ ಖಗೋಳ ಬರಹಗಳಲ್ಲಿ ಕೃಷ್ಣವೇಣಿ. ಅಲ್ಲಿ ರಾಣಿ ಬೆರೆನಿಸಳ ಕೂದಲು, ಇಲ್ಲಿ ಕಪ್ಪು ಜಡೆ.

ಹೊಸಬರು ಎಡವುವುದು ಇಲ್ಲೇ. ಬರಿಗಣ್ಣಿಗೆ ಕಾಣುವ ಈ ಗುಂಪು ಸುಮಾರು 280 ಜ್ಯೋತಿರ್ವರ್ಷ ದೂರದ ನಕ್ಷತ್ರ ಗುಚ್ಛ. ನಮ್ಮ ಗೆಲಾಕ್ಸಿ ಗುಚ್ಛಕ್ಕೂ ಅದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ. ಗುಂಪಿನ ಉತ್ತರ ಅಂಚಿನ ಗಾಮಾ ಕೋಮಾದಿಂದ ನೇರ ಪೂರ್ವಕ್ಕೆ ಹತ್ತು ಡಿಗ್ರಿ ಹೋದರೆ 4ನೇ ಕಾಂತಿಮಾನದ ಬೀಟಾ ಕೋಮಾ. ಆ ಬೀಟಾದಿಂದ ಪಶ್ಚಿಮಕ್ಕೆ ಎರಡೂಮುಕ್ಕಾಲು ಡಿಗ್ರಿ ಹಿಂದಿರುಗಿದರೆ ಫೈಂಡರಿನಲ್ಲಿ (ಗುರಿ ಹುಡುಕುವ ಪುಟ್ಟ ದೂರದರ್ಶಕ) ಎಚ್‌ಡಿ 112887 ಸಿಗುತ್ತದೆ, ಗುಚ್ಛದ ಗರ್ಭ ಅದರ ಬುಡದಲ್ಲೇ ಇದೆ.

8 ಇಂಚಿನ ದೂರದರ್ಶಕದಲ್ಲಿ ಕತ್ತಲೆಯ ಆಕಾಶದಿಂದ 4889 ಮತ್ತು 4874 ಎರಡೂ ಕಾಣುತ್ತವೆ. 10 ಅಥವಾ 12 ಇಂಚಾದರೆ ಸುತ್ತಲಿನ ಸಣ್ಣವು ಒಂದೊಂದಾಗಿ ಹೊರಬರುತ್ತವೆ. ವರ್ಧನೆ 100ರಿಂದ 150 ಪಟ್ಟಿನ ನಡುವೆ ಇರಲಿ. ಕಡಿಮೆಯಾದರೆ ಗೆಲಾಕ್ಸಿ ನಕ್ಷತ್ರದಂತೆಯೇ ಕಾಣುತ್ತದೆ, ಹೆಚ್ಚಾದರೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಆ 7ನೇ ಕಾಂತಿಮಾನದ ನಕ್ಷತ್ರವನ್ನು ನೋಟದ ಅಂಚಿನಿಂದ ಆಚೆ ತಳ್ಳಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಗೆಲಾಕ್ಸಿಯನ್ನು ನೇರವಾಗಿ ನೋಡದೆ ಅದರ ಪಕ್ಕಕ್ಕೆ ಓರೆನೋಟ ಇಡಿ. ಇದೆ ಅನ್ನಿಸುತ್ತದೆ, ಮರುಕ್ಷಣ ಇಲ್ಲ ಅನ್ನಿಸುತ್ತದೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಚಲಿಸುವ ಮಸುಕನ್ನು ಕಣ್ಣು ಬೇಗ ಹಿಡಿಯುತ್ತದೆ. ಕಂಡದ್ದನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ, ಮರುದಿನ ನಕ್ಷೆಗೆ ಹೋಲಿಸಿ. ಮೊದಲ ರಾತ್ರಿ ನಾನು ಗುರುತು ಹಾಕಿದ ಒಂಬತ್ತರಲ್ಲಿ ಎರಡು ನಕ್ಷತ್ರಗಳಾಗಿದ್ದವು, ಒಂದು ಏನೂ ಇಲ್ಲದ ಜಾಗವಾಗಿತ್ತು.

ಹೆಜ್ಜೆ 5: ಸಲಕರಣೆ

ಒಂದು ಪಿಕ್ಸೆಲ್ ಎಷ್ಟು ಕೋನಸೆಕೆಂಡು ಹಿಡಿಯುತ್ತದೆ ಎಂದು ತಿಳಿಯಲು, ಮೈಕ್ರಾನಿನಲ್ಲಿರುವ ಪಿಕ್ಸೆಲ್ ಅಳತೆಯನ್ನು 206ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ಸಂಗಮದೂರದಿಂದ ಭಾಗಿಸಬೇಕು. 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾವನ್ನು 150 ಮಿಮೀ ವ್ಯಾಸದ, 750 ಮಿಮೀ ಸಂಗಮದೂರದ ನ್ಯೂಟನ್ ಮಾದರಿಯ ದೂರದರ್ಶಕಕ್ಕೆ ಜೋಡಿಸಿದರೆ 1.03 ಬರುತ್ತದೆ. ಹಿಂದೆ ಹೇಳಿದ ಅರವತ್ತು ಪಿಕ್ಸೆಲ್ ಸಿಗುವುದು ಹೀಗೆ. ಎಪಿಎಸ್-ಸಿ ಸೆನ್ಸರಿನಲ್ಲಿ ಸುಮಾರು 1.8 ಡಿಗ್ರಿ ಅಗಲ, 1.2 ಡಿಗ್ರಿ ಎತ್ತರದ ಆಕಾಶ ಸಿಗುವುದರಿಂದ ಗುಚ್ಛದ ಗರ್ಭವೂ ನೈಋತ್ಯದ 4839ರ ಗುಂಪೂ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಖರ್ಚು ಮತ್ತು ಫಲ ಎರಡನ್ನೂ ತೂಗಿದರೆ ನನಗೆ ಇದೇ ಸರಿ ಎನಿಸಿದೆ.

ಅಷ್ಟಿಲ್ಲದವರು ನಿರಾಶರಾಗಬೇಕಿಲ್ಲ. ಕ್ಯಾಮೆರಾವನ್ನು ನಕ್ಷತ್ರಗಳ ಜೊತೆ ತಿರುಗಿಸುವ ಸ್ಟಾರ್ ಟ್ರ್ಯಾಕರ್ ಮೇಲೆ 200 ಮಿಮೀ ಲೆನ್ಸ್ ಇಟ್ಟು 60 ಸೆಕೆಂಡಿನ ನೂರು ಚಿತ್ರ ತೆಗೆದು ಸೇರಿಸಿದರೂ ಹತ್ತಿಪ್ಪತ್ತು ಗೆಲಾಕ್ಸಿಗಳು ಚುಕ್ಕೆಗಳಾಗಿ ಮೂಡುತ್ತವೆ. ತಾನೇ ಹುಡುಕಿ ತಾನೇ ಚಿತ್ರ ತೆಗೆಯುವ ಪುಟ್ಟ ‘ಸ್ಮಾರ್ಟ್’ ದೂರದರ್ಶಕಗಳಿಂದಲೂ ಆಗುತ್ತದೆ, ಆದರೆ ಅವುಗಳಲ್ಲಿ ಹೆಚ್ಚಿನವನ್ನು ನೆಟ್ಟಗೆ ನಿಲ್ಲಿಸಿಯೇ ಬಳಸುವುದರಿಂದ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಕ್ಷಾಂಶದಲ್ಲಿ ಕೋಮಾ ಅತಿ ಎತ್ತರದಲ್ಲಿರುವಾಗ ಚೌಕಟ್ಟು ಗಂಟೆಗೆ ಐವತ್ತೇಳು ಡಿಗ್ರಿಯಷ್ಟು ವೇಗದಲ್ಲಿ ತಿರುಗುತ್ತದೆ. ಆ ಹೊತ್ತನ್ನು ಬಿಟ್ಟು, ಅದಕ್ಕೆ ಮೊದಲು ಮತ್ತು ನಂತರ 40ರಿಂದ 65 ಡಿಗ್ರಿ ಎತ್ತರದಲ್ಲಿರುವಾಗ ತೆಗೆದರೆ ಅಂಚಿನ ನಕ್ಷತ್ರಗಳು ಎಳೆದುಕೊಳ್ಳುವುದಿಲ್ಲ.

ಫಿಲ್ಟರಿನ ವಿಷಯ ಚುಟುಕಾಗಿ ಮುಗಿಸಬಹುದು: ಬೇಡ. ನೀಹಾರಿಕೆಗಳಿಗೆ ಬಳಸುವ ಕಿರುಪಟ್ಟಿಯ ಫಿಲ್ಟರುಗಳು ಗೆಲಾಕ್ಸಿಯ ಬೆಳಕನ್ನೂ ಕತ್ತರಿಸಿಬಿಡುತ್ತವೆ, ಏಕೆಂದರೆ ಅದು ಎಲ್ಲ ಬಣ್ಣಗಳಲ್ಲೂ ಹರಡಿರುವ ನಕ್ಷತ್ರಗಳ ಬೆಳಕು.

ಹೆಜ್ಜೆ 6: ಮೌಂಟನ್ನು ಧ್ರುವಕ್ಕೆ ಹೊಂದಿಸುವುದು

ತಂಪು ದೇಶಗಳವರು ಬರೆದ ಕೈಪಿಡಿಗಳು ನಮ್ಮನ್ನು ಕೈಬಿಡುವುದು ಈ ಹೆಜ್ಜೆಯಲ್ಲಿ. ಅವರಿಗೆ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿದೆ. ನಮಗೆ ಅದು 13 ಡಿಗ್ರಿಯಲ್ಲಿ, ಮರಗಳ ಹಿಂದೆ, ಮಬ್ಬಿನೊಳಗೆ ಮುಳುಗಿರುತ್ತದೆ. ದೂರದರ್ಶಕವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟಿನ ಅಕ್ಷವನ್ನು ಅಷ್ಟು ಕೆಳಗಿಳಿಸಿದಾಗ ಕೆಲವು ಮೌಂಟುಗಳಲ್ಲಿ ಭಾರದ ದಂಡ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಟ್ರೈಪಾಡಿಗೂ ಮೌಂಟಿಗೂ ನಡುವೆ ಒಂದು ಗಿಡ್ಡ ಕಂಬದ ತುಂಡು ಹಾಕಿಸಿದರೆ ಈ ತೊಂದರೆ ನೀಗುತ್ತದೆ. ಊರಿನ ಲೇತ್ ಕೆಲಸದವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಕತ್ತಲಾಗುವ ಮುನ್ನವೇ ಮೌಂಟನ್ನು ಎಲ್ಲ ಕಡೆಗೂ ಕೈಯಿಂದ ತಿರುಗಿಸಿ ನೋಡಿ.

ಧ್ರುವ ಕಾಣದಿದ್ದರೆ ಎರಡು ದಾರಿಗಳಿವೆ. ಲ್ಯಾಪ್‌ಟಾಪ್ ಇರುವವರು ‘ನೀನಾ’ ತಂತ್ರಾಂಶದ ಮೂರು ಬಿಂದುಗಳ ವಿಧಾನವನ್ನು ಬಳಸಬಹುದು. ಅದು ಆಕಾಶದ ಯಾವುದೇ ಭಾಗದ ಮೂರು ಚಿತ್ರ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಎಂದು ತಿಳಿಸುತ್ತದೆ. ಇನ್ನೊಂದು ಹಳೆಯ ಜಾರುವಿಕೆಯ ವಿಧಾನ. ನೆತ್ತಿಯಿಂದ ತುಸು ದಕ್ಷಿಣಕ್ಕೆ, ಖಗೋಳ ವಿಷುವದ್ವೃತ್ತದ ಹತ್ತಿರ, ಉತ್ತರ–ದಕ್ಷಿಣ ರೇಖೆಯ ಮೇಲಿರುವ ನಕ್ಷತ್ರವನ್ನು ಹಿಡಿದು ನೋಡಿ: ಅದು ದಕ್ಷಿಣಕ್ಕೆ ಜಾರಿದರೆ ಮೌಂಟ್ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಬಳಿಕ ಪೂರ್ವ ದಿಗಂತದ ಕಡೆಯ ನಕ್ಷತ್ರ: ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಏರಿದೆ. ನಲವತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕಣದ ಸಿಮೆಂಟೂ ತಣ್ಣಗಾಗಿರುತ್ತದೆ.

ಹೆಜ್ಜೆ 7: ಫೋಕಸ್, ಇಬ್ಬನಿ

ನನ್ನ ಮೊದಲ ಕೋಮಾ ಋತುವಿನ ಒಂದಿಡೀ ರಾತ್ರಿ ಹಾಳಾದದ್ದಕ್ಕೆ ಮೋಡವೂ ದೀಪವೂ ಕಾರಣವಲ್ಲ. ರಾತ್ರಿ ಎಂಟೂವರೆಗೆ, ಕಣ ಬಿಸಿಯಾಗಿದ್ದಾಗಲೇ ಸ್ವಾತಿಗಾಗಿ ಕಾಯದೆ ಯಾವುದೋ ನಕ್ಷತ್ರಕ್ಕೆ ಫೋಕಸ್ ಮಾಡಿ, ತಿರುಪು ಬಿಗಿದು, ಕಂಬಳಿ ಹೊದ್ದು ಕೂತಿದ್ದೆ. ಚಳಿ ಏರಿದಂತೆ ಕೊಳವೆ ಕುಗ್ಗಿತು, ಫೋಕಸ್ ಜಾರಿತು. ಮರುದಿನ ತೆರೆದು ನೋಡಿದರೆ ಮೊದಲ ಇಪ್ಪತ್ತು ಚಿತ್ರ ಬಿಟ್ಟು ಉಳಿದವುಗಳಲ್ಲೆಲ್ಲ ನಕ್ಷತ್ರಗಳು ಉದ್ದಿನ ವಡೆಯಂತೆ ನಡುವೆ ತೂತಾಗಿದ್ದವು. ಗೆಲಾಕ್ಸಿ ಗುಚ್ಛದಲ್ಲಿ ಈ ತಪ್ಪಿಗೆ ಕ್ಷಮೆಯಿಲ್ಲ, ಏಕೆಂದರೆ ನಕ್ಷತ್ರ ಚೂಪಾಗಿರದಿದ್ದರೆ ಅದಕ್ಕೂ ಪುಟ್ಟ ಗೆಲಾಕ್ಸಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಆದ್ದರಿಂದ ಬಾಟಿನೋವ್ ಮುಖವಾಡ (ಫೋಕಸ್ ಸರಿಯಿದೆಯೇ ಎಂದು ತೋರಿಸುವ, ಸೀಳುಗಳಿರುವ ಮುಚ್ಚಳ) ಹಾಕಿ ಸ್ವಾತಿ ಅಥವಾ ಕೋರ್ ಕರೋಲಿಯ ಮೇಲೆ ಫೋಕಸ್ ಮಾಡಿ, ಗಂಟೆಗೊಮ್ಮೆ, ಅಥವಾ ತಾಪಮಾನ ಎರಡು ಡಿಗ್ರಿ ಇಳಿದಾಗಲೆಲ್ಲ ಪುನಃ ನೋಡಿ. ಇಬ್ಬನಿಗೆ ಬಿಸಿಪಟ್ಟಿಯೇ ಮದ್ದು: ಒಂದು ಗೈಡ್ ದೂರದರ್ಶಕಕ್ಕೆ, ಒಂದು ಮುಖ್ಯ ಗಾಜಿಗೆ ಅಥವಾ ನ್ಯೂಟನ್ ಮಾದರಿಯಾದರೆ ಚಿಕ್ಕ ಕನ್ನಡಿಯ ಹಿಂಬದಿಗೆ. ಕೊಳವೆಯ ಬಾಯಿಗೆ ಯೋಗದ ಚಾಪೆಯನ್ನು ಸುತ್ತಿ ಒಂದು ಮೊಳ ಮುಂದಕ್ಕೆ ಚಾಚಿದರೆ ಇಬ್ಬನಿಯೂ ತಡೆಯುತ್ತದೆ, ಪಕ್ಕದ ದೀಪವೂ. ಬೆಳಗಿನ ಜಾವ ಮೂರರ ಹೊತ್ತಿಗೆ ಆ ಚಾಪೆಯ ಅಂಚಿನಿಂದ ಹನಿಗಳು ಒಂದೊಂದಾಗಿ ಸಿಮೆಂಟಿನ ಮೇಲೆ ಬೀಳುವ ಸದ್ದು ಕೇಳುವಾಗ, ಒಳಗಿನ ಗಾಜು ಒಣಗಿದೆ ಎಂದು ಟಾರ್ಚ್ ಹಾಕಿ ಖಾತ್ರಿ ಮಾಡಿಕೊಳ್ಳುವ ಸುಖವೇ ಬೇರೆ. ಗಾಜು ಮಂಜಾಗಿಬಿಟ್ಟರೆ ಒರೆಸಬೇಡಿ. ಬಿಸಿಪಟ್ಟಿಯನ್ನೇ ಹೆಚ್ಚಿಸಿ ಕಾಯಿರಿ. ಬಿಸಿಪಟ್ಟಿಗಳು ವಿದ್ಯುತ್ತನ್ನು ಹೀರುವುದರಿಂದ ಮೌಂಟಿಗೆ ಒಂದು 12 ವೋಲ್ಟ್ ಬ್ಯಾಟರಿ, ಪಟ್ಟಿಗಳಿಗೆ ಬೇರೆಯದೇ ಪವರ್ ಬ್ಯಾಂಕ್ ಇಡಿ.

ಹೆಜ್ಜೆ 8: ಎಕ್ಸ್‌ಪೋಷರ್

120 ಸೆಕೆಂಡಿನ ಚಿತ್ರಗಳನ್ನು ಸಾಲಾಗಿ ತೆಗೆಯಿರಿ. ಡಿಎಸ್‌ಎಲ್‌ಆರ್ ಆದರೆ ಐಎಸ್‌ಒ 800. ಕ್ಯಾಮೆರಾದ ಹಿಸ್ಟೊಗ್ರಾಮಿನ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡಗೋಡೆಯಿಂದ ಬಿಡಿಸಿಕೊಂಡು, ಕಾಲುಭಾಗದ ಆಸುಪಾಸಿನಲ್ಲಿ ನಿಂತರೆ ಸಾಕು. ಗೈಡಿಂಗ್ ತಪ್ಪು ಒಂದು ಕೋನಸೆಕೆಂಡಿನೊಳಗಿರಲಿ. ಮೂರು ನಾಲ್ಕು ಚಿತ್ರಗಳಿಗೊಮ್ಮೆ ಚೌಕಟ್ಟನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವ ಡಿದರಿಂಗ್ ಆಯ್ಕೆಯನ್ನು ಮರೆಯದೆ ಹಾಕಿಕೊಳ್ಳಿ. ಸೆನ್ಸರಿನ ಕಲೆಗಳು ಗೆಲಾಕ್ಸಿಗಳ ವೇಷ ಹಾಕುವುದನ್ನು ಇದು ತಪ್ಪಿಸುತ್ತದೆ.

ಒಟ್ಟು ಕಾಲ ಎಷ್ಟು? ಗೊಜಲು (ಚಿತ್ರದ ಕಾಳುಕಾಳು ಮಚ್ಚೆ, ‘ನಾಯ್ಸ್’) ಅರ್ಧಕ್ಕಿಳಿಯಬೇಕಾದರೆ ಕಾಲ ನಾಲ್ಕು ಪಟ್ಟಾಗಬೇಕು. ಒಂದೂವರೆ ಗಂಟೆಯ ಚಿತ್ರಕ್ಕೂ ಆರು ಗಂಟೆಯ ಚಿತ್ರಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿರುತ್ತದೆ. ಆರರಿಂದ ಎಂಟಕ್ಕೆ ಹೋದರೆ ಅಷ್ಟೇನೂ ಗೊತ್ತಾಗುವುದಿಲ್ಲ. ಎರಡು ರಾತ್ರಿಗಳಲ್ಲಿ ಮೂರು ಮೂರು ಗಂಟೆಯಂತೆ ಆರು ಗಂಟೆ, ಅಂದರೆ 180 ಚಿತ್ರಗಳು ಎಂದು ಗುರಿ ಇಟ್ಟುಕೊಳ್ಳಿ. ಒಂದೇ ರಾತ್ರಿ ಆರು ಗಂಟೆ ಸಿಕ್ಕರೂ ಎರಡು ರಾತ್ರಿಗೆ ಹಂಚುವುದೇ ಲೇಸು. ಕಾರಣ ಹತ್ತನೆಯ ಹೆಜ್ಜೆಯಲ್ಲಿದೆ.

ಗುಚ್ಛ ಉತ್ತರ–ದಕ್ಷಿಣ ರೇಖೆಯನ್ನು ದಾಟುವಾಗ ಮೌಂಟನ್ನು ಇನ್ನೊಂದು ಬದಿಗೆ ತಿರುಗಿಸಬೇಕು. 75 ಡಿಗ್ರಿ ಎತ್ತರದಲ್ಲಿ ಕೊಳವೆ ನೆಟ್ಟಗಿರುವುದರಿಂದ ಕ್ಯಾಮೆರಾ ಟ್ರೈಪಾಡಿನ ಕಾಲಿಗೆ ತಗಲುವ ಸಾಧ್ಯತೆ ಇದೆ. ಆ ಹತ್ತು ನಿಮಿಷ ಎದುರಿಗೇ ಇರಿ. ಉಪಗ್ರಹಗಳ ಗೆರೆಗಳಿಗೆ ಗಾಬರಿಯಾಗಬೇಡಿ, ಚಿತ್ರಗಳನ್ನು ಸೇರಿಸುವಾಗ ಅವು ಅಳಿಯುತ್ತವೆ. ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳಂತೂ ಈ ಚೌಕಟ್ಟಿಗೆ ಬರುವಂತೆಯೇ ಇಲ್ಲ: ನಮ್ಮಲ್ಲಿಂದ ನೋಡಿದರೆ ಅವುಗಳ ಸಾಲು ವಿಷುವದ್ವೃತ್ತದಿಂದ ಎರಡು ಡಿಗ್ರಿ ದಕ್ಷಿಣಕ್ಕಿದೆ, ಕೋಮಾದಿಂದ ಮೂವತ್ತು ಡಿಗ್ರಿ ದೂರ.

ಬೆಳಕು ಹರಿಯುವ ಮುನ್ನ ಮುಚ್ಚಳ ಹಾಕಿ, ಸೆನ್ಸರಿನ ಕಲೆಗಳನ್ನು ಕಳೆಯಲು 20 ಡಾರ್ಕ್ ಚಿತ್ರ ತೆಗೆದುಕೊಳ್ಳಿ, ಅದೇ ಚಳಿಯಲ್ಲಿ, ಅದೇ ಅವಧಿಯವು. ಬೆಳಕು ಹರಿದ ಮೇಲೆ ಒಗೆದ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕೊಳವೆಯ ಬಾಯಿಗೆ ಬಿಗಿದು ಕಟ್ಟಿ, ನೆತ್ತಿಗೆ ತಿರುಗಿಸಿ 30 ಫ್ಲಾಟ್ (ಒಂದೇ ಸಮನಾದ ಬೆಳಕಿನ ಚಿತ್ರಗಳು) ತೆಗೆಯಿರಿ. ಅಲ್ಲಿಯವರೆಗೆ ಕ್ಯಾಮೆರಾವನ್ನು ತಿರುಗಿಸಬಾರದು, ಕೊನೆಯ ಚಿತ್ರದ ನಂತರ ಫೋಕಸ್ ಮುಟ್ಟಬಾರದು. ಫ್ಲಾಟ್ ಇಲ್ಲದಿದ್ದರೆ ಮನೆಯವರು ಹೇಳುವ ‘ಲೆನ್ಸಿನ ಧೂಳು’ ನಿಜವಾಗಿಯೂ ಚಿತ್ರದಲ್ಲಿ ಉಳಿದುಬಿಡುತ್ತದೆ.

ಹೆಜ್ಜೆ 9: ಸಂಸ್ಕರಣೆ

ಉಚಿತವಾಗಿ ಸಿಗುವ ‘ಸಿರಿಲ್’ ತಂತ್ರಾಂಶ ಈ ಕೆಲಸಕ್ಕೆ ಸಾಕಷ್ಟಾಯಿತು. ಚಿತ್ರಗಳನ್ನು ಒಂದೊಂದಾಗಿ ಕಣ್ಣಾಡಿಸಿ ಕೆಟ್ಟವನ್ನು ತೆಗೆದುಹಾಕಿ, ಡಾರ್ಕ್ ಮತ್ತು ಫ್ಲಾಟ್‌ಗಳಿಂದ ತಿದ್ದಿ, ಒಂದರ ಮೇಲೊಂದು ಹೊಂದಿಸಿ, ಗೆರೆಗಳನ್ನು ತಿರಸ್ಕರಿಸುವ ಸಿಗ್ಮಾ ಆಯ್ಕೆಯೊಂದಿಗೆ ಸೇರಿಸಿ. ಬಳಿಕ ಹಿನ್ನೆಲೆಯ ಬೆಳಕಿನ ಏರುಪೇರನ್ನು ತೆಗೆಯಬೇಕು. ಆಗ ಮಾದರಿ ಬಿಂದುಗಳನ್ನು 4889 ಮತ್ತು 4874ರ ಸುತ್ತಲಿನ ಹತ್ತು ಕೋನನಿಮಿಷದೊಳಗೆ ಇಡಬೇಡಿ. ಆ ಎರಡರ ಸುತ್ತ ಹರಡಿರುವ ಮಸುಕಾದ ಬೆಳಕು ನಿಜವಾದದ್ದು, ಕೊಳೆಯೆಂದು ತಂತ್ರಾಂಶ ಅದನ್ನು ತೊಳೆದುಬಿಡುತ್ತದೆ.

ಬಣ್ಣವನ್ನು ನಕ್ಷತ್ರಗಳ ಆಧಾರದ ಮೇಲೆ ಸರಿಪಡಿಸಿದಾಗ ಹೆಚ್ಚಿನ ಗೆಲಾಕ್ಸಿಗಳು ಬೆಣ್ಣೆ ಕಾಸಿದಂತಹ ನಸುಹಳದಿಗೆ ಬಂದರೆ ಸರಿಯಾಗಿದೆ ಎಂದರ್ಥ. ಗುಚ್ಛದ ಗರ್ಭದಲ್ಲಿರುವವು ಹೊಸ ನಕ್ಷತ್ರಗಳು ಹುಟ್ಟುವುದು ಬಹುಮಟ್ಟಿಗೆ ನಿಂತುಹೋದ ಮುದಿ ಗೆಲಾಕ್ಸಿಗಳು. ಸುರುಳಿಯಾದ 4921 ಕೂಡ ಬಿಳಿಚಿಕೊಂಡೇ ಇರುತ್ತದೆ; ಅದನ್ನು ನೀಲಿ ಮಾಡಲು ಹೋಗಬೇಡಿ.

ಕೃತಕ ಬುದ್ಧಿಮತ್ತೆಯಿಂದ ಗೊಜಲು ತೆಗೆಯುವ, ನಕ್ಷತ್ರ ಅಳಿಸುವ ಸಾಧನಗಳನ್ನು ಈ ಚಿತ್ರಕ್ಕೆ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕೈದು ಪಿಕ್ಸೆಲ್ಲಿನ ಗೆಲಾಕ್ಸಿಯನ್ನು ಅವು ಗೊಜಲೆಂದು ಒರೆಸಬಹುದು, ನಕ್ಷತ್ರವೆಂದು ಕೀಳಬಹುದು. ಚಿತ್ರ ನುಣುಪಾಗುತ್ತದೆ, ಎಣಿಕೆ ಮಾತ್ರ ತಪ್ಪುತ್ತದೆ.

ಹೆಜ್ಜೆ 10: ಎಣಿಕೆ

ಎರಡು ರಾತ್ರಿಯ ಚಿತ್ರಗಳನ್ನು ಕೂಡಿಸುವ ಮೊದಲು, ಪ್ರತಿ ರಾತ್ರಿಯದ್ದನ್ನು ಬೇರೆಬೇರೆಯಾಗಿ ಸೇರಿಸಿದ ಎರಡು ಕಡತಗಳನ್ನು ಇಟ್ಟುಕೊಳ್ಳಿ. ಒಟ್ಟು ಚಿತ್ರದಲ್ಲಿ ಅನುಮಾನದ ಮಸುಕು ಕಂಡಾಗ, ಅದು ಎರಡೂ ರಾತ್ರಿಯ ಕಡತಗಳಲ್ಲಿ ಒಂದೇ ಜಾಗದಲ್ಲಿದೆಯೇ ನೋಡಿ. ಎರಡರಲ್ಲೂ ಇದ್ದರೆ ಪಟ್ಟಿಗೆ ಸೇರಿಸಿ, ಒಂದರಲ್ಲಷ್ಟೇ ಇದ್ದರೆ ಬಿಡಿ. ಆಮೇಲೆ ಪಕ್ಕದ ನಕ್ಷತ್ರದ ಅಗಲವನ್ನೂ ಅದರ ಅಗಲವನ್ನೂ ಅಳೆಯಿರಿ: ನಕ್ಷತ್ರಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಗೆಲಾಕ್ಸಿ ಎನ್ನಿ. ಕೊನೆಗೆ ಸಿರಿಲ್‌ನಲ್ಲಿ ಚಿತ್ರದ ಜಾಗವನ್ನು ಗುರುತಿಸಿ ಹೆಸರುಗಳನ್ನು ಹಾಕಿಸಿ, ‘ಅಲಾದಿನ್’ ಎಂಬ ಉಚಿತ ಆಕಾಶ ನಕ್ಷೆಯೊಂದಿಗೆ ಹೋಲಿಸಿ. ಈ ಕ್ರಮ ಮುಖ್ಯ. ಮೊದಲೇ ನಕ್ಷೆ ನೋಡಿಬಿಟ್ಟರೆ ಕಣ್ಣು ಇಲ್ಲದ್ದನ್ನೂ ಕಾಣಲು ಕಲಿಯುತ್ತದೆ.

ಆರು ಗಂಟೆಯ ಚಿತ್ರದಲ್ಲಿ 18ನೇ ಕಾಂತಿಮಾನದ ಗೆಲಾಕ್ಸಿಗಳು ದಕ್ಕುತ್ತವೆ, ಪಟ್ಟಿ ಸುಲಭವಾಗಿ ನೂರು ದಾಟುತ್ತದೆ. ಅವುಗಳಲ್ಲಿ ಎಲ್ಲವೂ ಕೋಮಾದವಲ್ಲ. ಇನ್ನೂ ಹಿಂದಿರುವ ಗೆಲಾಕ್ಸಿಗಳೂ ಅದೇ ಚೌಕಟ್ಟಿನಲ್ಲಿರುತ್ತವೆ. ಯಾವುದು ಒಳಗಿನದು ಎಂದು ತಿಳಿಯಲು ಅದರ ಕೆಂಪುಪಲ್ಲಟ (ಬೆಳಕು ಕೆಂಪಿನ ಕಡೆಗೆ ಸರಿದ ಪ್ರಮಾಣ, ದೂರ ಹೆಚ್ಚಿದಷ್ಟೂ ಹೆಚ್ಚು) ನೋಡಿ: 0.023ರ ಆಸುಪಾಸಿನಲ್ಲಿದ್ದರೆ ಕೋಮಾದ್ದು, 0.1 ಎಂದಿದ್ದರೆ ಬಹಳ ಹಿಂದಿನದು.

ಇದು ಕೈಹಿಡಿದ ಮೇಲೆ, ಏಪ್ರಿಲ್ ರಾತ್ರಿಗಳಲ್ಲಿ ಕೋಮಾ ಪಶ್ಚಿಮಕ್ಕೆ ಇಳಿದಾಗ ಮೌಂಟನ್ನು ಪೂರ್ವಕ್ಕೆ ತಿರುಗಿಸಿ ಇನ್ನೊಂದು ಗೆಲಾಕ್ಸಿ ಗುಚ್ಛವಾದ ಏಬೆಲ್ 2065ಕ್ಕೆ ಹೋಗಬಹುದು. ಅದು ಹೆಚ್ಚು ಕಡಿಮೆ ಅದೇ ಡೆಕ್ಲಿನೇಷನ್ನಿನಲ್ಲಿದ್ದು, ಎರಡು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಅದೇ ಎತ್ತರಕ್ಕೆ ಬರುತ್ತದೆ. ದೂರ ಮಾತ್ರ ಸುಮಾರು ನೂರು ಕೋಟಿ ಜ್ಯೋತಿರ್ವರ್ಷ. ಅಲ್ಲಿ ಹಾಲುಹಾದಿ ಇಪ್ಪತ್ತೇ ಪಿಕ್ಸೆಲ್.

ಜೂನ್ ಹತ್ತಿರ ಬಂದಂತೆ ಕೊಳವೆಯ ಎರಡೂ ಬಾಯಿ ಮುಚ್ಚಿ, ಲೆನ್ಸ್, ಐಪೀಸ್, ಕ್ಯಾಮೆರಾಗಳನ್ನು ಸಿಲಿಕಾ ಜೆಲ್ ತುಂಬಿದ ಗಾಳಿಯಾಡದ ಡಬ್ಬದಲ್ಲಿಡಿ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವಷ್ಟೇ ಬೇಗ ಲೆನ್ಸಿಗೂ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಜೆಲ್ಲನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಹುರಿದು, ಆರಿಸಿ, ಮತ್ತೆ ಒಳಗೆ ಹಾಕುತ್ತಿರಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.